ಎಂಟು ಗಂಟೆಯ ಸೊಸೆ

ಆ ದಿನದ ರಗಳೆ ಶುರುವಾಗಿದ್ದು ಟಿವಿ ಪರದೆಯ ಅಡಿಯಲ್ಲಿ ಓಡಿಹೋದ ಒಂದೇ ಒಂದು ಸಾಲಿನಿಂದ.

ಬೆಳಗ್ಗೆ ಹಾಲು ಕಾಯಿಸುತ್ತ ಅರ್ಧ ಕಣ್ಣಲ್ಲಿ ಟಿವಿ ನೋಡುತ್ತಿದ್ದ ಮಾಲೀಕಮ್ಮ ಆ ಸಾಲನ್ನು ಮೊದಲ ಸಲ ಅರ್ಧ ಓದಿದರು. ಎರಡನೇ ಸಲ ಪೂರ್ತಿ ಓದಿದರು, ನಂಬಲಿಲ್ಲ. ಮೂರನೇ ಸಲ ಅದು ಸುತ್ತಿ ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿಹೋಗಿತ್ತು. ನಿಮ್ಮ ನೆಚ್ಚಿನ ‘ಮೂರನೇ ಸೊಸೆ’ ಇಂದಿನಿಂದ ರಾತ್ರಿ ಎಂಟರ ಬದಲು ಸಂಜೆ ಐದೂವರೆಗೆ, ಎಂದಿತ್ತು ಅದರಲ್ಲಿ.

ಮಾಲೀಕಮ್ಮ ಒಲೆ ಒರೆಸಲಿಲ್ಲ. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಮೆಟ್ಟಿಲ ಕಡೆ ನೋಡುತ್ತ ನಿಂತರು. ಯಾಕೆಂದರೆ ಆ ಸಾಲು ಹಾಕಿದ ಚಾನೆಲ್ಲಿನಲ್ಲಿ ಕೆಲಸ ಮಾಡುವವನು ಅವರದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ.

ಬೀದಿಯವರೆಲ್ಲ ಅವನನ್ನು ಟೈಮ್‌ಟೇಬಲ್ ಎಂದು ಕರೆಯುತ್ತಿದ್ದರು. ಯಾವ ಕಾರ್ಯಕ್ರಮ ಯಾವಾಗ ಬರಬೇಕು ಎಂದು ತೀರ್ಮಾನಿಸುವವರು ಬೇರೆ. ಅವರು ತೀರ್ಮಾನಿಸಿದ್ದನ್ನು ಕಂಪ್ಯೂಟರಿನಲ್ಲಿ ಸಾಲಾಗಿ ಜೋಡಿಸಿ, ನಡುನಡುವೆ ಜಾಹೀರಾತು ಸಿಕ್ಕಿಸಿ ಕಳಿಸುವುದಷ್ಟೇ ಇವನ ಕೆಲಸ. ಆದರೆ ಬೀದಿಗೆ ಇದನ್ನು ಅರ್ಥ ಮಾಡಿಸುವುದು ಅವನ ಕೈಲಾಗಿರಲಿಲ್ಲ. ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಬೈದರೆ ಮಾರನೇ ದಿನ ಜನ ಇವನನ್ನು ನಿಲ್ಲಿಸಿ ಕೇಳುತ್ತಿದ್ದರು. ಕೆಟ್ಟ ಸುದ್ದಿಗೆ ಕಾಗದ ಬರೆದವನನ್ನು ಬಿಟ್ಟು, ತಂದ ಅಂಚೆಯವನನ್ನು ಹಿಡಿದು ಬೈದ ಹಾಗೆ.

ಧಾರಾವಾಹಿಯ ಜಾಗ ಬದಲಾಗುವ ಸುದ್ದಿ ಅವನಿಗೆ ಮೊದಲೇ ಗೊತ್ತಿತ್ತು. ಹೇಳುವ ಧೈರ್ಯ ಬಂದಿರಲಿಲ್ಲ. ಈಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು ಮೆಟ್ಟಿಲು ಇಳಿಯುತ್ತಿದ್ದ. ಕೊನೆಯ ಮೆಟ್ಟಿಲ ಮೇಲೆ ಮಾಲೀಕಮ್ಮನ ಬೆಕ್ಕು ಕಾಲು ಚಾಚಿ ಮಲಗಿತ್ತು.

ಅದರ ಹೆಸರು ದೊರೆ. ಹೆಸರಿಗೆ ತಕ್ಕ ಹಾಗೆ ಇಡೀ ಮನೆಯನ್ನು ಅದು ಆಳುತ್ತಿತ್ತು. ಮಹಡಿಗೆ ಬಂದು ಟೈಮ್‌ಟೇಬಲ್‌ನ ಹಾಲು ಕುಡಿಯುವುದು, ಪರದೆ ಹರಿಯುವುದು, ಅವನ ದಿಂಬಿನ ಮೇಲೆ ಮಲಗಿ ಅವನನ್ನೇ ಗದರುವುದು, ಇವೆಲ್ಲ ಅದಕ್ಕೆ ದಿನದ ಕಾರ್ಯಕ್ರಮ. ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಅದು ಎಲ್ಲೂ ಕಾಣಿಸುತ್ತಿರಲಿಲ್ಲ. ಆ ಒಂದು ಗಂಟೆ ಟೈಮ್‌ಟೇಬಲ್ ಹಾಲನ್ನು ಮುಚ್ಚದೆ ಇಡುತ್ತಿದ್ದ.

ಬೆಕ್ಕನ್ನು ತುಳಿಯಬಾರದೆಂದು ಅವನು ಎರಡು ಮೆಟ್ಟಿಲು ಒಟ್ಟಿಗೆ ಹಾರಿದ. ಬೆಕ್ಕು ತಪ್ಪಿಸಿಕೊಂಡಿತು. ಪ್ಯಾಂಟಿನ ಗುಂಡಿ ತಪ್ಪಿಸಿಕೊಳ್ಳಲಿಲ್ಲ, ಕಿತ್ತು ಹಾರಿ ಮಾಲೀಕಮ್ಮನ ಕಾಲ ಬಳಿ ಬಿತ್ತು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ಅವನು ಅವರೆದುರು ನಿಂತ.

“ಕಳ್ಳನ ಹಾಗೆ ಯಾಕಪ್ಪ ಇಳೀತಿದೀಯ?” ಎಂದರು ಮಾಲೀಕಮ್ಮ.

“ಶಬ್ದ ಆಗಬಾರದು ಅಂತ, ಅಮ್ಮ.”

“ಶಬ್ದ ಆಗಲೇ ಆಗಿದೆ. ಬೆಳಗ್ಗೆಯಿಂದ ಎಲ್ಲರ ಮನೇಲೂ ಆಗ್ತಿದೆ.”

ಮೂರನೇ ಸೊಸೆ ಸೂಟ್‌ಕೇಸ್ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತು ಮೂರು ವಾರವಾಗಿತ್ತು. ಅವಳು ಮನೆ ಬಿಟ್ಟು ಹೋಗುತ್ತಾಳೋ ಇಲ್ಲವೋ ಎನ್ನುವುದು ಆ ದಿನದ ಕಂತಿನಲ್ಲಿ ಗೊತ್ತಾಗಲಿತ್ತು. ಅಂಥ ದಿನವೇ ಅದನ್ನು ಎಂಟರಿಂದ ಕಿತ್ತು ಐದೂವರೆಗೆ ಎಸೆದರೆ ಈ ಬೀದಿಯಲ್ಲಿ ನೋಡುವವರು ಯಾರು ಎಂದು ಮಾಲೀಕಮ್ಮ ಕೇಳಿದರು. ಐದೂವರೆಗೆ ಟೈಲರ್ ಅಂಗಡಿಯಲ್ಲಿ ಗಿರಾಕಿಗಳು. ನರ್ಸಮ್ಮ ಆಸ್ಪತ್ರೆಯಲ್ಲಿ. ಮೇಷ್ಟ್ರು ವಾಕಿಂಗಿನಲ್ಲಿ. ತಮಗೆ ಮಧ್ಯಾಹ್ನದ ನಿದ್ದೆಯಿಂದ ಏಳುವ ಹೊತ್ತು. ಎಂಟಾದರೆ ಊಟ ಮುಗಿದಿರುತ್ತದೆ, ಮನಸ್ಸು ಅಳುವುದಕ್ಕೆ ತಯಾರಾಗಿರುತ್ತದೆ.

ಇದು ತನ್ನ ತೀರ್ಮಾನವಲ್ಲ ಎಂದು ಟೈಮ್‌ಟೇಬಲ್ ಹೇಳಿ ನೋಡಿದ. ಮಾಲೀಕಮ್ಮ ಸೌಟನ್ನು ಅವನ ಎದೆಗೆ ಗುರಿಯಿಟ್ಟು, ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದರು.

“ಇವತ್ತು ರಾತ್ರಿ ಎಂಟಕ್ಕೆ ಆ ಹುಡುಗಿ ಟಿವೀಲಿ ಬಂದ್ರೆ ನೀನು ಈ ಮನೇಲಿರು. ಬರಲಿಲ್ಲ ಅಂದ್ರೆ ನಿನ್ನ ಸೂಟ್‌ಕೇಸೂ ಹೊಸ್ತಿಲ ಮೇಲೆ ಇರುತ್ತೆ.”

ಟೈಮ್‌ಟೇಬಲ್‌ನ ಕೈ ಪ್ಯಾಂಟನ್ನು ಇನ್ನಷ್ಟು ಬಿಗಿಹಿಡಿಯಿತು. ತವರಿನಲ್ಲಿದ್ದ ಹೆಂಡತಿ ಹಸುಗೂಸು ಎತ್ತಿಕೊಂಡು ಭಾನುವಾರ ಬರುವವಳಿದ್ದಳು. ಮಗು ಇದೆ ಎಂದರೆ ರಾತ್ರಿಯೆಲ್ಲ ಅಳುತ್ತದೆ ಎಂದು ಊರಲ್ಲಿ ಯಾರೂ ಮನೆ ಕೊಟ್ಟಿರಲಿಲ್ಲ. ಅತ್ತರೆ ಅಳಲಿ, ನಾವೂ ಅಳುತ್ತೇವಲ್ಲ ಎಂದು ಒಪ್ಪಿದ್ದು ಮಾಲೀಕಮ್ಮ ಒಬ್ಬರೇ. ತೊಟ್ಟಿಲಿಗೆ ಜಾಗ ಮಾಡಲು ಅವನು ಹಿಂದಿನ ವಾರವಷ್ಟೇ ಮಂಚವನ್ನು ಗೋಡೆಗೆ ಸರಿಸಿದ್ದ.

ಪ್ಯಾಂಟಿಗೆ ಗತಿ ಕಾಣಿಸಲು ಎದುರುಮನೆಯ ಟೈಲರ್ ಹತ್ತಿರ ಓಡಿದ. ಅವನ ಇನ್ನೊಂದು ಪ್ಯಾಂಟು ಅಲ್ಲೇ ಹೊಲಿಗೆಗೆ ಬಿದ್ದಿತ್ತು. ಟೈಲರ್ ಕೊರಳಿಗೆ ಟೇಪು ಹಾಕಿಕೊಂಡು, ಆ ಪ್ಯಾಂಟಿನ ಒಂದು ಕಾಲನ್ನು ಎತ್ತಿ ತೋರಿಸಿದ. ಇನ್ನೊಂದು ಕಾಲು ರಾತ್ರಿ ಎಂಟರಿಂದ ಒಂಬತ್ತರ ನಡುವೆ, ಸೊಸೆಯ ಮುಖ ನೋಡುತ್ತ ಹೊಲಿಯುವ ಕಾಲು.

“ಹೊಲಿಗೆ ಕೈಯಲ್ಲಿರಲ್ಲ ತಮ್ಮ, ಮನಸ್ಸಲ್ಲಿರುತ್ತೆ. ಎಂಟಕ್ಕೆ ಸೊಸೆ ಬರಲಿ, ಕಾಲು ತಾನಾಗೇ ಬರುತ್ತೆ.”

ಗುಂಡಿ ಹಾಕಿಕೊಡುವುದಕ್ಕೂ ಅವನಿಗೆ ಮನಸ್ಸು ಬರಲಿಲ್ಲ. ಒಂದು ಪಿನ್ನು ಕೊಟ್ಟ. ಅದೂ ಮೊಂಡು.

ಬಸ್ ನಿಲ್ದಾಣದಲ್ಲಿ ಮೇಷ್ಟ್ರು ಸಿಕ್ಕರು. ಪಾಠ ಹೇಳುವುದರಿಂದ ನಿವೃತ್ತರಾಗಿದ್ದರೂ ಬುದ್ಧಿ ಹೇಳುವುದರಿಂದ ಆಗಿರಲಿಲ್ಲ. ತಾನು ಧಾರಾವಾಹಿ ನೋಡುವವನೇ ಅಲ್ಲ, ಎಂಟು ಗಂಟೆಗೆ ಟೈಲರ್ ಮನೆ ಮುಂದೆ ಹಾದುಹೋಗುವಾಗ ಕಿವಿಗೆ ಬೀಳುತ್ತದೆ ಅಷ್ಟೇ ಎಂದು ಶುರುಮಾಡಿ, ಎರಡನೇ ಸೊಸೆಯ ತಮ್ಮ ಮನೆಪತ್ರ ಕದ್ದಿದ್ದು ತಪ್ಪು ಎನ್ನುವಲ್ಲಿಗೆ ಮುಗಿಸಿದರು. ಕಿವಿಗೆ ಬಿದ್ದದ್ದಕ್ಕಿಂತ ಕಣ್ಣಿಗೆ ಬಿದ್ದದ್ದೇ ಹೆಚ್ಚಿತ್ತು.

ಆಫೀಸಿನಲ್ಲಿ ಮುಖ್ಯಸ್ಥರ ಕೋಣೆಗೆ ಟೈಮ್‌ಟೇಬಲ್ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡೇ ಹೋದ. ಕೈ ತೆಗೆದರೆ ಪ್ಯಾಂಟು ತಾನೇ ಕುಳಿತುಬಿಡುವಂತಿತ್ತು.

“ಏನಯ್ಯ, ಜಗಳಕ್ಕೆ ಬಂದೋನ ಹಾಗೆ ನಿಂತಿದೀಯ,” ಎಂದರು ಮುಖ್ಯಸ್ಥರು.

ಜಗಳವಲ್ಲ, ಬೇಡಿಕೆ ಎಂದು ಹೇಳಿ ಅವನು ಬೀದಿಯ ಕಷ್ಟವನ್ನೆಲ್ಲ ವಿವರಿಸಿದ. ಎಲ್ಲರಿಗೂ ಆ ಧಾರಾವಾಹಿ ಎಂದರೆ ಪ್ರಾಣ. ಐದೂವರೆಗೆ ಹಾಕಿದರೆ ಅದು ಸತ್ತುಹೋಗುತ್ತದೆ. ಮುಖ್ಯಸ್ಥರು ಕೇಳಿ ಮುಗಿಸಿ, ಚಹಾದ ಲೋಟ ಕೆಳಗಿಟ್ಟರು.

“ಪ್ರೀತಿಯಿಂದ ಟಿವಿ ನಡೆಯಲ್ಲಪ್ಪ. ನಂಬರಿನಿಂದ ನಡೆಯುತ್ತೆ.”

ನಂಬರಿನ ಕತೆ ಟೈಮ್‌ಟೇಬಲ್‌ಗೂ ಗೊತ್ತಿತ್ತು. ಊರಲ್ಲಿ ಆರಿಸಿದ ಕೆಲವೇ ಮನೆಗಳ ಟಿವಿ ಹಿಂದೆ ಒಂದು ಪುಟ್ಟ ಪೆಟ್ಟಿಗೆ ಇಟ್ಟಿರುತ್ತಾರೆ. ಆ ಮನೆಯವರು ಯಾವ ಹೊತ್ತಿಗೆ ಏನು ನೋಡಿದರು ಎಂಬ ಲೆಕ್ಕವನ್ನು ಅದು ಇಟ್ಟುಕೊಳ್ಳುತ್ತದೆ. ಅವರು ನೋಡಿದ್ದೇ ಇಡೀ ಊರು ನೋಡಿದ್ದು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡಿದ ಹಾಗೆ.

“ನಿಮ್ಮ ಕಡೆಯ ಅಗುಳು ನೋಡು,” ಎಂದು ಮುಖ್ಯಸ್ಥರು ಕಂಪ್ಯೂಟರ್ ಪರದೆಯನ್ನು ಅವನ ಕಡೆ ತಿರುಗಿಸಿದರು. “ಮೂರನೇ ಸೊಸೆಗೆ ಸೊನ್ನೆ. ಎಂಟರಿಂದ ಒಂಬತ್ತು ಅಲ್ಲಿ ಏನು ನೋಡ್ತಾರೆ ಗೊತ್ತಾ? ಮೀನು.”

“ಮೀನಾ ಸಾರ್?”

“ಬೇರೆ ಚಾನೆಲ್ಲಲ್ಲಿ ಸಮುದ್ರದ್ದೊಂದು ಬರುತ್ತಲ್ಲ, ಅದು. ಒಂದು ದಿನ ತಪ್ಪಿಸಿಲ್ಲ. ಜಾಹೀರಾತು ಬಂದ್ರೂ ಬದಲಾಯಿಸಲ್ಲ. ಇಷ್ಟು ನಿಷ್ಠೆ ಇರೋ ಪ್ರೇಕ್ಷಕರನ್ನ ನನ್ನ ಸರ್ವಿಸಲ್ಲೇ ನೋಡಿಲ್ಲ. ಯಾರೋ ದೊಡ್ಡ ವಿದ್ವಾಂಸರಿರಬೇಕು.”

ಅದಕ್ಕೇ ಮುಖ್ಯಸ್ಥರು ತಾವೂ ಒಂದು ಮೀನಿನ ಕಾರ್ಯಕ್ರಮ ಕೊಂಡುತಂದಿದ್ದರು. ಆ ಹೊತ್ತಿನಿಂದ ಸೊಸೆ ಎದ್ದು ಮೀನಿಗೆ ಜಾಗ ಬಿಡಬೇಕಾಗಿತ್ತು. ಆ ವಿದ್ವಾಂಸರ ಮನೆ ಯಾವುದೆಂದು ತಿಳಿದರೆ ಕಾಲಿಗಾದರೂ ಬೀಳುತ್ತೇನೆ ಎಂದ ಟೈಮ್‌ಟೇಬಲ್. ಮುಖ್ಯಸ್ಥರು ನಕ್ಕರು. ಪೆಟ್ಟಿಗೆ ಇರುವ ಮನೆ ಯಾವುದೆಂದು ಯಾರಿಗೂ ಹೇಳುವುದಿಲ್ಲ, ಟಿವಿ ಕೆಲಸದವರು ವಾಸವಿರುವ ಮನೆಗಂತೂ ಪೆಟ್ಟಿಗೆ ಕೊಡುವುದೇ ಇಲ್ಲ, ಕೈ ಸೊಂಟದಿಂದ ತೆಗೆದು ಹೋಗಿ ಕೆಲಸ ಮಾಡು ಎಂದರು.

ಅವನು ಎರಡನೆಯದನ್ನು ಮಾತ್ರ ಮಾಡಿದ.

ಮಧ್ಯಾಹ್ನ ಸಂಜೆಯ ಪಟ್ಟಿ ಕಳಿಸುವ ಹೊತ್ತು. ಐದೂವರೆಗೆ ಸೊಸೆ, ಎಂಟಕ್ಕೆ ಮೀನು, ನಡುವೆ ಸೋಪು, ಬಿಸ್ಕತ್ತು, ತಲೆನೋವಿನ ಮಾತ್ರೆ, ಎಲ್ಲ ಜೋಡಿಸಿಟ್ಟಿದ್ದ. ಕಳಿಸಬೇಕು ಎನ್ನುವಾಗ ಕಾರಿಡಾರಿನಲ್ಲಿ ಗದ್ದಲವಾಯಿತು. ಆ ಗದ್ದಲದ ಒಂದೊಂದು ದನಿಯೂ ಅವನಿಗೆ ಪರಿಚಯದ್ದು.

ಮಾಲೀಕಮ್ಮ ಮುಂದೆ, ಅವರ ಹಿಂದೆ ಮೇಷ್ಟ್ರು, ಟೇಪು ಹಾಕಿಕೊಂಡ ಟೈಲರ್, ಬಿಳಿ ಸಮವಸ್ತ್ರದಲ್ಲೇ ಬಂದಿದ್ದ ನರ್ಸಮ್ಮ. ಕಾವಲುಗಾರ ತಡೆದಿದ್ದನಂತೆ. ನರ್ಸಮ್ಮ ಅವನ ಕೈ ಹಿಡಿದು ನಾಡಿ ನೋಡಿ, ರಕ್ತದೊತ್ತಡ ಜಾಸ್ತಿಯಿದೆ, ಕೂತುಕೊಳ್ಳಿ ಎಂದಿದ್ದರಂತೆ. ಅವನು ಕೂತ ಮೇಲೆ ಎಲ್ಲರೂ ಒಳಗೆ ಬಂದಿದ್ದರು.

“ನಮ್ಮ ಹುಡುಗ ಹೇಳಿದಾನೆ, ಎಲ್ಲ ನಿಮ್ಮದೇ ಕೆಲಸ ಅಂತ,” ಎಂದು ಮಾಲೀಕಮ್ಮ ಮುಖ್ಯಸ್ಥರಿಗೆ ಹೇಳುತ್ತಿರುವುದು ಕೇಳಿಸಿತು. ಟೈಮ್‌ಟೇಬಲ್ ಕುರ್ಚಿಯಲ್ಲಿ ಇನ್ನಷ್ಟು ಕುಗ್ಗಿದ.

ಮುಖ್ಯಸ್ಥರು ನಯವಾಗಿ ಎಲ್ಲರನ್ನೂ ಕೂರಿಸಿ, ನಿಜವಾಗಿ ನೀವು ನೋಡುತ್ತೀರಾ ಎಂದು ಕೇಳಿದರು. ನೋಡದೆ ಏನು ಎಂದು ನರ್ಸಮ್ಮ ತಮ್ಮ ಮಾತು ಶುರುಮಾಡಿದರು. ದಿನವಿಡೀ ಬೇರೆಯವರ ನೋವು ನೋಡಿ ಬರುವವಳಿಗೆ, ಸುಳ್ಳು ನೋವಿಗೆ ಒಂದು ಗಂಟೆ ಅತ್ತರೆ ಎಷ್ಟು ಹಗುರಾಗುತ್ತದೆ ಎಂದರು.

“ಮನೇಲಿ ಟಿವಿ ಇದೆಯಾ?” ಎಂದರು ಮುಖ್ಯಸ್ಥರು.

“ಇದೆ. ಎಂಟಕ್ಕೆ ಆಫ್ ಮಾಡಿ ಟೈಲರ್ ಮನೆಗೆ ಹೋಗ್ತೀನಿ. ಅಲ್ಲಿ ದೊಡ್ಡದಿದೆ. ಎಲ್ಲರೂ ಅಲ್ಲೇ ಸೇರೋದು.”

“ಒಬ್ಬರೇ ಅತ್ತರೆ ಅದು ಬರೀ ಅಳು,” ಎಂದು ಮೇಷ್ಟ್ರು ವಿವರಿಸಿದರು. “ಹತ್ತು ಜನ ಸೇರಿ ಅತ್ತರೆ ಅದಕ್ಕೊಂದು ಗೌರವ.” ಆಮೇಲೆ ನೆನಪಾಗಿ, ತಾನು ಹಾದುಹೋಗುವವನು ಮಾತ್ರ ಎಂದು ಸೇರಿಸಿದರು.

“ನಿಮ್ಮ ಮನೇಲಿ, ಅಮ್ಮ?” ಎಂದು ಮುಖ್ಯಸ್ಥರು ಮಾಲೀಕಮ್ಮನನ್ನು ಕೇಳಿದರು.

ಅಲ್ಲಿಯವರೆಗೆ ಗುಡುಗುತ್ತಿದ್ದ ಮಾಲೀಕಮ್ಮ ಕನ್ನಡಕ ತೆಗೆದು ಒರೆಸತೊಡಗಿದರು. “ನಮ್ಮ ಮನೆ ವಿಷಯ ಯಾಕೀಗ,” ಎಂದರು. “ಸೊಸೆ ವಿಷಯ ಮಾತಾಡೋಣ.”

ಈ ಗಲಾಟೆಯಲ್ಲಿ ಟೈಮ್‌ಟೇಬಲ್‌ಗೆ ಪಟ್ಟಿ ಕಳಿಸುವ ಹೊತ್ತು ಮೀರುತ್ತಿತ್ತು. ಒಂದು ಕಿವಿ ಮುಖ್ಯಸ್ಥರ ಕೋಣೆಯಲ್ಲಿ, ಒಂದು ಕೈ ಸೊಂಟದ ಮೇಲೆ, ಉಳಿದ ಒಂದು ಕೈಯಲ್ಲಿ ಅವನು ಗುಂಡಿ ಒತ್ತಿದ. ಪಟ್ಟಿ ಹೋಯಿತು. ಹೋದದ್ದು ಹಿಂದಿನ ದಿನದ ಜೋಡಣೆ. ಅದು ಅವನಿಗೆ ಗೊತ್ತಾಗಲಿಲ್ಲ.

ನೋಡೋಣ, ನಿಮ್ಮ ಅಭಿಮಾನಕ್ಕೆ ಬೆಲೆ ಇದೆ ಎಂದು ಮುಖ್ಯಸ್ಥರು ಎಲ್ಲರಿಗೂ ಚಹಾ ಕುಡಿಸಿ ಕಳಿಸಿದರು. ಎಂಟರ ಆಸೆ ಬಿಟ್ಟ ಬೀದಿ, ಕೊನೆಗೆ ಐದೂವರೆಗಾದರೂ ನೋಡಲೇಬೇಕೆಂದು ತೀರ್ಮಾನಿಸಿತು. ನರ್ಸಮ್ಮ ಅರ್ಧ ದಿನ ರಜೆ ಹಾಕಿದರು. ಟೈಲರ್ ಗಿರಾಕಿಯನ್ನು ಒಂದೇ ತೋಳಿನ ಅಂಗಿಯಲ್ಲಿ ಹೊರಗೆ ಕಳಿಸಿ ಅಂಗಡಿ ಮುಚ್ಚಿದ. ಮೇಷ್ಟ್ರು ವಾಕಿಂಗ್ ಹೊರಟವರು ಟೈಲರ್ ಮನೆವರೆಗೆ ಮಾತ್ರ ನಡೆದರು. ಮಾಲೀಕಮ್ಮ ನಿದ್ದೆ ಬಿಟ್ಟು, ಕರವಸ್ತ್ರ ಹಿಡಿದು ಮುಂದಿನ ಕುರ್ಚಿಯಲ್ಲಿ ಕುಳಿತರು.

ಐದೂವರೆಗೆ ಟಿವಿಯಲ್ಲಿ ಬಿಗಿ ಬನಿಯನ್ ತೊಟ್ಟ ಒಬ್ಬ ದಪ್ಪ ಮನುಷ್ಯ ಬಂದು, ಎಲ್ಲರೂ ಎದ್ದುನಿಂತು ಕಾಲಿನ ಹೆಬ್ಬೆರಳು ಮುಟ್ಟಿ ಎಂದ.

ಅದು ‘ಮನೆಯಲ್ಲೇ ವ್ಯಾಯಾಮ’. ಹಿಂದಿನ ದಿನದವರೆಗೂ ಐದೂವರೆಗೆ ಬರುತ್ತಿದ್ದುದು. ಅರ್ಧ ಗಂಟೆ ಯಾರಾದರೂ ಸೂಟ್‌ಕೇಸ್ ಹಿಡಿದು ಬರಬಹುದೆಂದು ಅವರು ಕಾದರು. ದಪ್ಪ ಮನುಷ್ಯ ಇವರನ್ನು ಬಗ್ಗಿಸಿ, ಏಳಿಸಿ, ನಗುತ್ತಾ ಇರಿ ಎಂದು ಹೇಳಿ ಹೋದ.

ಟೈಮ್‌ಟೇಬಲ್‌ಗೆ ಮೊದಲು ಬಂದದ್ದು ಟೈಲರನ ಫೋನು. ಆಮೇಲೆ ಮೇಷ್ಟ್ರದು, ಆಮೇಲೆ ನರ್ಸಮ್ಮನದು. ಕೊನೆಗೆ ಮಾಲೀಕಮ್ಮನದು. ಅವರು ಬೈಯಲಿಲ್ಲ. ತೊಟ್ಟಿಲು ಎಲ್ಲಿಗೆ ಸಾಗಿಸಬೇಕು ಅಂತ ಯೋಚನೆ ಮಾಡಿದೀಯಾ ಎಂದು ವಿಚಾರಿಸಿದರು.

ಅಷ್ಟರಲ್ಲಿ ಮುಖ್ಯಸ್ಥರು ಬಾಗಿಲಲ್ಲಿ ನಿಂತಿದ್ದರು. ಟೈಮ್‌ಟೇಬಲ್ ಎದ್ದುನಿಂತ. ಎರಡೂ ಕೈ ಜೋಡಿಸಬೇಕೆನಿಸಿತು, ಒಂದೇ ಕೈ ಮೇಲೆ ಬಂತು. ಸಲಾಮು ಹೊಡೆದ ಹಾಗಾಯಿತು. ಮುಖ್ಯಸ್ಥರು ಬಹಳ ಹೊತ್ತು ಕೂಗಾಡಿದರು. ಇಡೀ ಊರಿಗೆ ಸೊಸೆ ತೋರಿಸುತ್ತೇವೆಂದು ಹೊಟ್ಟೆ ತೋರಿಸಿದೆವಲ್ಲ ಎಂದರು. ಕೂಗಿ ಸುಸ್ತಾದ ಮೇಲೆ ಕುರ್ಚಿ ಎಳೆದು ಕುಳಿತು ಯೋಚಿಸಿದರು. ಐದೂವರೆಗೆ ತಪ್ಪಿಹೋದ ಕಂತನ್ನು ಆ ದಿನವೇ ತೋರಿಸದಿದ್ದರೆ ಮರುದಿನ ಬೇರೆ ಬೀದಿಗಳ ಮಾಲೀಕಮ್ಮಂದಿರೂ ಬರುತ್ತಾರೆ. ಪಟ್ಟಿಯಲ್ಲಿ ಹೇಗೂ ಎಂಟಕ್ಕೇ ಇದೆ.

“ಇವತ್ತೊಂದು ದಿನ ಎಂಟಕ್ಕೇ ಹೋಗ್ಲಿ,” ಎಂದರು. “ಬೆಳಗ್ಗೆ ನಂಬರ್ ನೋಡ್ತೀನಿ. ನಿಮ್ಮ ಕಡೆ ಸೊನ್ನೆ ಬಿಟ್ಟು ಏನಾದ್ರೂ ಬಂದ್ರೆ ಸೊಸೆ ಎಂಟರಲ್ಲೇ ಇರ್ತಾಳೆ. ಮತ್ತೆ ಮೀನೇ ಬಂದ್ರೆ, ನಾಳೆಯಿಂದ ಮೀನೇ.”

ಟೈಮ್‌ಟೇಬಲ್ ಆ ದಿನದ ಕಂತನ್ನೂ ಅದರ ಜಾಹೀರಾತುಗಳನ್ನೂ ಎಂಟಕ್ಕೆ ಹೊಸದಾಗಿ ಜೋಡಿಸಿಟ್ಟು, ಬಸ್ಸಿಳಿದು ಓಡಿ ಬರುವ ಹೊತ್ತಿಗೆ ಎಂಟಾಗಿತ್ತು. ಟೈಲರ್ ಮನೆಯಿಂದ ಆ ಪರಿಚಿತ ಪಿಟೀಲಿನ ರಾಗ ಬೀದಿಗೆಲ್ಲ ಕೇಳುತ್ತಿತ್ತು. ಒಳಗೆ ಕಾಲಿಟ್ಟಿದ್ದೇ ತಡ ಮಾಲೀಕಮ್ಮ ಅವನ ತಲೆ ಸವರಿದರು. ನನ್ನ ಮಗ ಇದ್ದಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಎಂದರು. ಟೈಲರ್ ಪ್ಯಾಂಟಿನ ಎರಡನೇ ಕಾಲು ಶುರುಮಾಡಿದ್ದ. ಹಾದುಹೋಗುವ ಮೇಷ್ಟ್ರು ಕುರ್ಚಿ ಹಾಕಿಕೊಂಡು ಕುಳಿತು ಹಾದುಹೋಗುತ್ತಿದ್ದರು.

ಮೊದಲ ಜಾಹೀರಾತು ಬಂದಾಗ ಅವನು ಎಲ್ಲರ ಮುಂದೆ ನಿಂತು ಬೇಡಿಕೊಂಡ. ಹೀಗೆ ಒಂದೇ ಮನೆಯಲ್ಲಿ ನೋಡಿದರೆ ಒಂದೇ ಟಿವಿ. ಯಾರ ಮನೆಯಲ್ಲಿ ಪೆಟ್ಟಿಗೆ ಇದೆಯೋ ಯಾರು ಕಂಡರು. ದಯವಿಟ್ಟು ನಿಮ್ಮ ನಿಮ್ಮ ಮನೆಗೆ ಹೋಗಿ ಇದನ್ನೇ ಹಾಕಿಕೊಂಡು ನೋಡಿ.

ಯಾರೂ ಏಳಲಿಲ್ಲ. ಈ ದಿನ ಒಬ್ಬಳೇ ಕೂತು ನೋಡಿದರೆ ಎದೆ ಒಡೆದುಹೋಗುತ್ತದೆ ಎಂದರು ನರ್ಸಮ್ಮ. ಬೇಕಾದರೆ ನೀನೇ ಹೋಗಿ ಹಾಕಿ ಬಾ ಎಂದು ಬೀಗದ ಕೈ ಕೊಟ್ಟರು. ಮೇಷ್ಟ್ರೂ ಕೊಟ್ಟರು. ಮಾಲೀಕಮ್ಮ ಮಾತ್ರ ಬೇಡವೆಂದು ಕೈ ಬೀಸಿದರು.

“ನಮ್ಮನೆ ಟಿವಿ ಹಾಕೇ ಇದೆ. ನೀನು ಆ ಕಡೆ ಹೋಗೋದೇನೂ ಬೇಡ.”

ಅವನು ನರ್ಸಮ್ಮನ ಮನೆಯಲ್ಲಿ ಹಾಕಿದ. ಮೇಷ್ಟ್ರ ಮನೆಯಲ್ಲಿ ಹಾಕಿದ. ಖಾಲಿ ಕುರ್ಚಿಗಳ ಮುಂದೆ ಮೂರನೇ ಸೊಸೆ ಕಣ್ಣೊರೆಸಿಕೊಂಡಳು. ಎರಡೂ ಟಿವಿಗಳ ಹಿಂದೆ ಧೂಳು ಬಿಟ್ಟು ಮತ್ತೇನೂ ಇರಲಿಲ್ಲ. ಪಿನ್ನು ಬಿಗಿಮಾಡಿಕೊಂಡು ಮಹಡಿಗೆ ಹೊರಟಾಗ, ಮಾಲೀಕಮ್ಮನ ಬಾಗಿಲು ಬೆಕ್ಕು ನುಗ್ಗುವಷ್ಟು ತೆರೆದಿತ್ತು. ಅಲ್ಲಿಂದ ಸೊಸೆಯ ಅಳು ಕೇಳಿಸಬೇಕಿತ್ತು. ಕೇಳಿಸುತ್ತಿದ್ದುದು ನೀರಿನ ಗುಳುಗುಳು.

ಟೈಮ್‌ಟೇಬಲ್ ಒಳಗೆ ಇಣುಕಿದ.

ದೀಪ ಹಾಕಿರಲಿಲ್ಲ. ಟಿವಿಯ ನೀಲಿ ಬೆಳಕಿನಲ್ಲಿ ಮಾಲೀಕಮ್ಮನ ಮೆತ್ತನೆಯ ಕುರ್ಚಿ, ಕುರ್ಚಿಯ ಮೇಲೆ ದೊರೆ. ಮುಂಗಾಲು ಜೋಡಿಸಿ, ಕತ್ತು ಮುಂದೆ ಚಾಚಿ ಕುಳಿತಿತ್ತು. ಪರದೆಯಲ್ಲಿ ಒಂದು ಬೆಳ್ಳಿ ಬಣ್ಣದ ಮೀನು ಎಡದಿಂದ ಬಲಕ್ಕೆ ಹೋದರೆ ಅದರ ತಲೆಯೂ ಎಡದಿಂದ ಬಲಕ್ಕೆ ಹೋಗುತ್ತಿತ್ತು. ಟಿವಿಯ ಹಿಂದೆ ಒಂದು ಕಪ್ಪು ಪುಟ್ಟ ಪೆಟ್ಟಿಗೆ. ಅದರ ಮೇಲೆ ಒಂದು ಹಸಿರು ದೀಪ.

ಒಂದು ದಿನ ತಪ್ಪಿಸಿಲ್ಲ. ಜಾಹೀರಾತು ಬಂದರೂ ಬದಲಾಯಿಸುವುದಿಲ್ಲ. ವಿದ್ವಾಂಸರು ಬಾಲದ ತುದಿ ಅಲ್ಲಾಡಿಸಿದರು.

ಟೈಮ್‌ಟೇಬಲ್ ರಿಮೋಟು ತೆಗೆದುಕೊಂಡು ಚಾನೆಲ್ ಬದಲಾಯಿಸಿದ. ಮೀನು ಹೋಗಿ ಸೊಸೆ ಬಂದಳು. ದೊರೆ ಅವಳನ್ನು ನೋಡಿತು, ಆಮೇಲೆ ಅವನನ್ನು ನೋಡಿತು. ಮರುಕ್ಷಣ ಅದು ಅವನ ತೊಡೆಯ ಮೇಲಿತ್ತು. ಉಗುರು ಪ್ಯಾಂಟಿಗೆ ಸಿಕ್ಕಿ, ಪಿನ್ನು ಹಾರಿ, ದೊರೆ ಕೂಗಿದ ಕೂಗಿಗೆ ಬೀದಿ ನಾಯಿಗಳೂ ಒಮ್ಮೆ ಸುಮ್ಮನಾದವು.

ಮನೆಗೆ ಬೆಂಕಿ ಬಿದ್ದರೂ ಧಾರಾವಾಹಿ ನಡುವೆ ಏಳದ ಮಾಲೀಕಮ್ಮ ಆ ಕೂಗಿಗೆ ಓ‌ಡಿಬಂದರು. ದೀಪ ಹಾಕಿದರು. ಒಂದು ಕೈಯಲ್ಲಿ ರಿಮೋಟು, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ನಿಂತಿದ್ದ ಬಾಡಿಗೆಯವನನ್ನು ನೋಡಿದರು. ಅವನ ಕಣ್ಣು ಪೆಟ್ಟಿಗೆಯ ಮೇಲಿರುವುದನ್ನೂ ನೋಡಿದರು. ತಿರುಗಿ ಬಾಗಿಲು ಹಾಕಿದರು.

“ನೋಡಬಾರದ್ದು ನೋಡಿಬಿಟ್ಟೆಯಲ್ಲಪ್ಪ,” ಎಂದರು.

ಅವನು ತೊದಲುತ್ತ ಕೇಳಿದ, ಎಂಟಕ್ಕೆ ಮೀನು ಹಾಕುವುದು ಯಾರು. ನಾನೇ, ಎಂದರು ಮಾಲೀಕಮ್ಮ. ದೊರೆಯನ್ನು ಒಂಟಿಯಾಗಿ ಬಿಟ್ಟು ಟೈಲರ್ ಮನೆಗೆ ಹೋದರೆ ಅದು ಪಾತ್ರೆಯೆಲ್ಲ ಉರುಳಿಸುತ್ತದೆ, ಮೀನು ಹಾಕಿಟ್ಟರೆ ಮಗುವಿನ ಹಾಗೆ ಕೂತಿರುತ್ತದೆ. ಟಿವಿ ಮುಂದೆ ಯಾರಿದ್ದಾರೋ ಅವರವರ ಗುಂಡಿ ಒತ್ತಬೇಕು, ಒತ್ತದಿದ್ದರೆ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣಮಿಣ ಎನ್ನುತ್ತದೆ, ದೊರೆ ಹೆದರುತ್ತದೆ. ಅದಕ್ಕೆ ಮಾಲೀಕಮ್ಮ ತಮ್ಮ ಗುಂಡಿ ಒತ್ತಿ ಹೋಗುತ್ತಾರೆ.

“ಯಾವತ್ತಿನ ಹಾಗೇ ಇರಿ, ಏನೂ ಬದಲಾಯಿಸಬೇಡಿ ಅಂದಿದ್ರು ಪೆಟ್ಟಿಗೆಯವರು. ನಾನು ಯಾವತ್ತಿನ ಹಾಗೇ ಇದೀನಿ.”

“ಅಮ್ಮ, ನಿಮ್ಮ ಸೊಸೇನ ಎಂಟರಿಂದ ಓಡಿಸಿದ್ದು ನಮ್ಮ ಮುಖ್ಯಸ್ಥರಲ್ಲ. ಈ ದೊರೆ.”

ಮಾಲೀಕಮ್ಮ ಕುರ್ಚಿಯ ಅಂಚಿನಲ್ಲಿ ಕುಳಿತರು. ಅವನು ನಂಬರಿನ ಕತೆಯನ್ನು ಬೇಗಬೇಗ ಹೇಳಿದ. ಅವರು ಎರಡು ಸಲ ಬೆಕ್ಕನ್ನು ನೋಡಿದರು, ಒಂದು ಸಲ ಟಿವಿಯಲ್ಲಿ ಹೊಸ್ತಿಲ ಮೇಲೆ ನಿಂತವಳನ್ನು ನೋಡಿದರು. ಆಮೇಲೆ ಎದ್ದುಹೋಗಿ ಒಂದು ಬಟ್ಟಲು ಹಾಲು ತಂದು ಟಿವಿಯ ಮುಂದಿಟ್ಟರು. ದೊರೆ ಬಂದು ಕುಳಿತಿತು. ಸೊಸೆ ಅಳುತ್ತಿದ್ದಳು, ಅದು ಕುಡಿಯುತ್ತಿತ್ತು.

“ಹಾಲಿಟ್ಟರೆ ಇದು ವಾರ್ತೆ ಬೇಕಾದ್ರೂ ನೋಡುತ್ತೆ. ಇವತ್ತಿನಿಂದ ದೊರೆಗೂ ಮೂರನೇ ಸೊಸೆನೇ. ಇಷ್ಟೇ ತಾನೇ?”

ಟೈಮ್‌ಟೇಬಲ್‌ಗೆ ಕಣ್ಣು ತುಂಬಿಬಂತು. ಬೆಳಗ್ಗೆ ನಂಬರ್ ಬರುತ್ತದೆ, ಸೊಸೆ ಎಂಟರಲ್ಲೇ ಉಳಿಯುತ್ತಾಳೆ, ಭಾನುವಾರ ತೊಟ್ಟಿಲು ಕಟ್ಟಬಹುದು. ಅವನು ಮಾಲೀಕಮ್ಮನಿಗೆ ಕೈ ಮುಗಿದ. ಈ ಸಲ ಪ್ಯಾಂಟಿನ ಚಿಂತೆ ಬಿಟ್ಟು ಎರಡೂ ಕೈಯಲ್ಲಿ ಮುಗಿದ, ಆಮೇಲೆ ಅವಸರದಿಂದ ಬಗ್ಗಿದ.

ಮಾಲೀಕಮ್ಮ ಬಾಗಿಲವರೆಗೆ ಹೋದವರು ನಿಂತರು.

“ಒಂದು ಮಾತು ಕಣಪ್ಪ. ಈ ಪೆಟ್ಟಿಗೆ ಇಡುವಾಗ ಅವರು ಕೇಳಿದ್ರು, ಮನೇಲಿ ಟಿವಿ ಕೆಲಸದವರು ಯಾರಾದ್ರೂ ಇದಾರಾ ಅಂತ. ಇಲ್ಲ, ಮೇಲಿರೋನು ಗಡಿಯಾರದ ಕೆಲಸದೋನು ಅಂದೆ. ಪೂರ್ತಿ ಸುಳ್ಳೇನಲ್ಲ, ದಿನವೆಲ್ಲ ಟೈಮ್ ನೋಡೋದೇ ತಾನೇ ನಿನ್ನ ಕೆಲಸ.”

“ಹೌದಮ್ಮ.”

“ಇಷ್ಟು ದಿನ ಯಾರೂ ವಿಚಾರಿಸಲಿಲ್ಲ. ನಮ್ಮನೇಲಿ ಬರೀ ಮೀನು, ಯಾರಿಗೇನು? ಈಗ ಇದ್ದಕ್ಕಿದ್ದ ಹಾಗೆ ಸೊಸೆ ಬಂದ್ರೆ ಅವರಿಗೆ ಅನುಮಾನ ಬರಲ್ವಾ? ನೋಡಕ್ಕೆ ಬರ್ತಾರೆ. ಮಹಡಿ ಮೇಲೆ ಅದೇ ಚಾನೆಲ್ಲಿನೋನೇ ಸಿಕ್ಕಿದ್ರೆ ಪೆಟ್ಟಿಗೆ ಎತ್ಕೊಂಡು ಹೋಗ್ತಾರೆ. ಪೆಟ್ಟಿಗೆ ಹೋದ್ರೆ ಸೊಸೆನೂ ಹೋಗ್ತಾಳೆ.” ಅವರು ನಿಜವಾಗಿ ನೊಂದುಕೊಂಡೇ ಹೇಳಿದರು. “ಭಾನುವಾರದೊಳಗೆ ಖಾಲಿ ಮಾಡಪ್ಪ.”

“ಅಮ್ಮ, ಎಂಟಕ್ಕೆ ಬಂದ್ರೆ ಇರು ಅಂದಿದ್ರಿ.”

“ಬಂತಲ್ಲ, ಅದಕ್ಕೇ.”

ಅವರು ತಮ್ಮ ಗುಂಡಿ ಒತ್ತಿ, ಹಸಿರು ದೀಪ ಇದೆಯೇ ಎಂದು ನೋಡಿ, ಚಪ್ಪಲಿ ಮೆಟ್ಟಿ ಎದುರುಮನೆಗೆ ಓಡಿದರು.

ಟೈಮ್‌ಟೇಬಲ್ ಮೆಟ್ಟಿಲ ಮೇಲೆ ಕುಳಿತ. ಎದುರುಮನೆಯಲ್ಲಿ ಒಮ್ಮೆಗೇ ಎಲ್ಲರೂ ಉಸಿರು ಬಿಟ್ಟದ್ದು ಕೇಳಿಸಿತು. ಮೂರನೇ ಸೊಸೆ ಸೂಟ್‌ಕೇಸ್ ಕೆಳಗಿಟ್ಟಿರಬೇಕು. ಮೇಷ್ಟ್ರು ಬಾಗಿಲಿಗೆ ಬಂದು ಮೂಗು ಒರೆಸಿಕೊಂಡರು. ಅವನನ್ನು ಕಂಡು, ಮಹಡಿ ಮನೆ ಖಾಲಿಯಾಗುತ್ತದಂತೆ, ತನ್ನ ತಂಗಿಯ ಮಗ ಒಬ್ಬ ಹುಡುಕುತ್ತಿದ್ದಾನೆ, ಬಾಡಿಗೆ ಹೇಗೆ ಎಂದು ಕೇಳಿ ಮತ್ತೆ ಒಳಗೆ ಹೋದರು.

ಅವನು ಹೆಂಡತಿಗೆ ಫೋನ್ ಮಾಡಿದ. ಬಹಳ ಹೊತ್ತು ಬಡಿದುಕೊಂಡ ಮೇಲೆ ಅವಳು ಎತ್ತಿಕೊಂಡಳು. ಮೂಗು ಕಟ್ಟಿದ ದನಿ. ಹಿಂದೆ ಅದೇ ಪಿಟೀಲಿನ ರಾಗ.

“ಮನೆ ವಿಷಯ ಒಂದು ಹೇಳ್ಬೇಕಿತ್ತು,” ಎಂದ.

“ಈಗ ಬೇಡ ರೀ. ಅವಳು ಈಗ ತಾನೆ ಒಳಗೆ ಬರ್ತಿದಾಳೆ. ಬ್ರೇಕ್ ಬಂದಾಗ ಮಾಡಿ.”

ಫೋನು ಇಟ್ಟಳು. ಮಗುವಿನ ಅಳು ಕೇಳಿಸಲಿಲ್ಲವಲ್ಲ, ಅದನ್ನು ಯಾವುದರ ಮುಂದೆ ಮಲಗಿಸಿದ್ದಾಳೋ ಎಂದು ಅವನಿಗೆ ಒಮ್ಮೆ ಅನುಮಾನವಾಯಿತು.

ಮುಂದಿನ ಬ್ರೇಕ್ ಯಾವಾಗ ಬರುತ್ತದೆಂದು ಅವನಿಗೆ ಸರಿಯಾಗಿ ಗೊತ್ತಿತ್ತು. ಅವನೇ ಜೋಡಿಸಿದ್ದು. ಮುಖ್ಯವಾದ ಕಂತು, ಜನರಿಗೆ ತೊಂದರೆಯಾಗದಿರಲಿ ಎಂದು ಅದನ್ನು ಆದಷ್ಟು ದೂರಕ್ಕೆ ತಳ್ಳಿದ್ದ.